ಜಾರುವ ಕಾರಿಗೆ ಚಾಸಿ ಯಾವುದು?

ಕುಷ್ಟಗಿಯ ಹೆದ್ದಾರಿ ಬದಿಯಲ್ಲಿ ಬೆಳೆದ ಹಿರಿಯರನ್ನು ಕೇಳಿ ನೋಡಿ. ಒಂದು ವಿಚಿತ್ರ ಮೆರವಣಿಗೆಯ ನೆನಪು ಅವರಲ್ಲಿ ಇದ್ದೇ ಇರುತ್ತದೆ. ಸಾಲಾಗಿ ನಾಲ್ಕೈದು ಹೊಸ ಲಾರಿಗಳು. ಆದರೆ ಅವಕ್ಕೆ ಬಾಗಿಲಿಲ್ಲ, ಮೇಲೆ ಸೂರಿಲ್ಲ, ಸರಕು ಹೇರುವ ಜಾಗವೂ ಇಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆ, ಒಂದು ಎಂಜಿನ್ನು, ಚಕ್ರಗಳು ಮತ್ತು ಕಟ್ಟಿಗೆಯ ಒಂದು ಸೀಟು, ಅಷ್ಟೇ! ಮುಖಕ್ಕೆ ಟವೆಲು ಸುತ್ತಿಕೊಂಡ ಡ್ರೈವರು ಬಿಸಿಲು ಗಾಳಿಗಳನ್ನು ಲೆಕ್ಕಿಸದೆ ಅದನ್ನು ನೂರಾರು ಮೈಲಿ ಓಡಿಸಿಕೊಂಡು ಹೋಗುತ್ತಿದ್ದ. ಕಾರ್ಖಾನೆಯಿಂದ ಬರುತ್ತಿದ್ದುದು ಚಾಸಿ ಮಾತ್ರ. ಬಾಡಿ ಕಟ್ಟುವುದು, ಬಣ್ಣ ಬಳಿಯುವುದು, ಹಿಂದೆ ಹೆಸರು ಬರೆಸುವುದು ಎಲ್ಲವೂ ಆಮೇಲಿನ ಕೆಲಸ. ಲಾರಿ ಕೊಳ್ಳುವವನು ಬಣ್ಣ ನೋಡಿ ದುಡ್ಡು ಕೊಡುತ್ತಿರಲಿಲ್ಲ, ಚಾಸಿ ನೋಡಿ ಕೊಡುತ್ತಿದ್ದ.

ಈ ಹಳೆಯ ಜಾಣತನ ಈಗ ಮನೆಯೊಳಗಿನ ಒಂದು ಸಣ್ಣ ವ್ಯವಹಾರಕ್ಕೆ ಬೇಕಾಗಿದೆ. ಹೈಸ್ಕೂಲಿನ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ದೃಶ್ಯ ತೋರಿಸುತ್ತಾನೆ ಎಂದಿಟ್ಟುಕೊಳ್ಳಿ. ಮೊಳದುದ್ದದ ಕಾರೊಂದು ತಿರುವಿನಲ್ಲಿ ಅಡ್ಡಡ್ಡಲಾಗಿ ಜಾರುತ್ತಾ, ಹಿಂಭಾಗವನ್ನು ಹೊರಕ್ಕೆ ಬೀಸುತ್ತಾ, ಗೋಡೆಗೆ ತಾಗಿಯೂ ತಾಗದಂತೆ ಸಾಗುತ್ತದೆ. ‘ಯಪ್ಪಾ, ನನಗ ಇಂಥಾದ್ದ ಬೇಕು’ ಎನ್ನುತ್ತಾನೆ ಹುಡುಗ. ‘ಎಷ್ಟ ಬೀಳತೈತಿ?’ ಎಂಬುದು ತಂದೆಯ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ‘ಇದರ ಚಾಸಿ ಎಂಥಾದ್ದು? ಮುರಿದರೆ ರಿಪೇರಿ ಆಗತೈತೇನು?’

ಬೊಂಬೆಯ ನಾಡಿನ ಪಾಠ

ಆಟಿಕೆಯ ವಿಷಯದಲ್ಲಿ ಕೊಪ್ಪಳ ಜಿಲ್ಲೆಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಬೊಂಬೆಗಳು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ. ಅಲ್ಲಿನ ಚಿತ್ರಗಾರರ ಗರುಡನನ್ನು ಕಂಡವರು ಮೊದಲು ಹೊಗಳುವುದು ಬಣ್ಣವನ್ನು. ಆದರೆ ಕೆಲಸ ಶುರುವಾಗುವುದು ಬಣ್ಣದಿಂದಲ್ಲ. ಹಗುರವಾದ ಮರವನ್ನು ಆರಿಸಿ, ಒಣಗಿಸಿ, ಕೆತ್ತಿ, ಕೈಕಾಲುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು, ಗೋಣಿನಾರು, ಮರದ ಹೊಟ್ಟು ಮುಂತಾದವುಗಳಿಂದ ಸಂದುಗಳನ್ನು ತುಂಬಿದ ಮೇಲಷ್ಟೇ ಕುಂಚ ಕೈಗೆ ಬರುತ್ತದೆ. ಒಳಗಿನ ಮರ ಸೀಳಿದರೆ ಮೇಲಿನ ಬಣ್ಣ ಉಳಿಯದು.

ರಿಮೋಟ್ ಕಾರಿನಲ್ಲೂ ಇದೇ ಕ್ರಮ. ಹುಡುಗರನ್ನು ಮರುಳುಮಾಡುವ ಹೊರಗಿನ ಹೊದಿಕೆ ಪಾಲಿಕಾರ್ಬೊನೇಟ್ ಎಂಬ ತೆಳುವಾದ ಪ್ಲಾಸ್ಟಿಕ್ಕಿನದು. ನಾಲ್ಕು ಕಡೆ ಪಿನ್ನು ತೆಗೆದರೆ ಟೋಪಿಯಂತೆ ಕೈಗೆ ಬರುತ್ತದೆ. ಒಂದೇ ಚಾಸಿಗೆ ಇಂದು ಒಂದು ಬಾಡಿ, ನಾಳೆ ಇನ್ನೊಂದು ಬಾಡಿ ಹಾಕಬಹುದು. ಜಾರುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಕೆಳಗಿನ ಚಾಸಿಯ ಕೆಲಸ. ಆದ್ದರಿಂದ ಅಂಗಡಿಯಲ್ಲಾಗಲಿ, ಮೊಬೈಲಿನ ಪರದೆಯ ಮೇಲಾಗಲಿ ಬಾಡಿಯನ್ನು ನೋಡಿ ಕಾರು ಆರಿಸುವುದೆಂದರೆ ಹೊದಿಕೆ ನೋಡಿ ಎತ್ತು ಕೊಂಡಂತೆ.

ಜಾರುವುದೆಂದರೇನು?

ಚಾಸಿ ಆರಿಸುವ ಮುನ್ನ ಈ ಆಟದ ಒಳಗುಟ್ಟು ತಿಳಿದಿರಬೇಕು. ಕಾರನ್ನು ಬೇಕೆಂದೇ ಜಾರಿಸುತ್ತಾ ತಿರುವು ದಾಟುವ ಈ ವಿದ್ಯೆ ಕ್ರೀಡೆಯಾಗಿ ಬೆಳೆದದ್ದು ಜಪಾನಿನಲ್ಲಿ. 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಎಂಬ ರೇಸುಗಾರ ಇದನ್ನು ಜನಪ್ರಿಯಗೊಳಿಸಿದರು. ಅವರ ಹಾದಿಯಲ್ಲಿ ನಡೆದ ಕೆಯಿಚಿ ತ್ಸುಚಿಯಾ ಇದನ್ನು ಊರೂರಿಗೆ ಮುಟ್ಟಿಸಿದರು. ದೊಡ್ಡ ಕಾರುಗಳ ಆಟ ಆಮೇಲೆ ಆಟಿಕೆ ಕಾರುಗಳಿಗೂ ಇಳಿದು ಬಂತು. ದೊಡ್ಡ ಕಾರಿನಲ್ಲಿ ಇದು ಬೀದಿಯಲ್ಲಿ ಮಾಡತಕ್ಕ ಕೆಲಸವಲ್ಲ. ಅಂಗಳದಲ್ಲಿ ಪುಟ್ಟ ಕಾರಿನಿಂದ ಮಾಡಿದರೆ ಯಾರಿಗೂ ಅಪಾಯವಿಲ್ಲ.

ಇದರ ಗಣಿತ ಪಿಯುಸಿ ಪಠ್ಯದಲ್ಲೇ ಇದೆ. ವೃತ್ತದಲ್ಲಿ ತಿರುಗುವ ವಸ್ತುವನ್ನು ಒಳಕ್ಕೆ ಎಳೆದು ಹಿಡಿಯಲು ಒಂದು ಬಲ ಬೇಕು. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಸಮತಟ್ಟಾದ ನೆಲದಲ್ಲಿ ಆ ಬಲವನ್ನು ಒದಗಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಘರ್ಷಣೆ ಸಾಲದೇ ಹೋದಾಗ ಕಾರು ಜಾರುತ್ತದೆ. ಒಂದು ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಿ. ರಬ್ಬರ್ ಟೈರಿಗೆ ಘರ್ಷಣಾಂಕ 0.9 ಎಂದು ಹಿಡಿದರೆ, ಸೆಕೆಂಡಿಗೆ ಸುಮಾರು 3 ಮೀಟರ್, ಅಂದರೆ ಗಂಟೆಗೆ ಹತ್ತು ಕಿ.ಮೀ. ದಾಟುವವರೆಗೂ ಕಾರು ಜಾರದು. ಅದೇ ಗಟ್ಟಿ ಪ್ಲಾಸ್ಟಿಕ್ ಟೈರಿಗೆ ಘರ್ಷಣಾಂಕ 0.3 ಎಂದು ಹಿಡಿದರೆ, ಸೆಕೆಂಡಿಗೆ 1.7 ಮೀಟರ್ ಸಾಕು. ಗಂಟೆಗೆ ಆರು ಕಿ.ಮೀ.! ಬಿರುಸಾಗಿ ನಡೆಯುವ ಮನುಷ್ಯನ ವೇಗ. ಲೆಕ್ಕದಲ್ಲಿ ಎರಡೂ ಕಡೆಯ ದ್ರವ್ಯರಾಶಿ ಹೊಡೆದುಹೋಗುವುದರಿಂದ ಕಾರಿನ ತೂಕ ಇಲ್ಲಿ ಬರುವುದೇ ಇಲ್ಲ ಎಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು.

ಇದರಿಂದ ಪಾಲಕರಿಗೆ ಒಂದು ಲಾಭದ ಪಾಠವಿದೆ. ಡ್ರಿಫ್ಟ್ ಕಾರಿಗೆ ಭಾರಿ ವೇಗದ ಮೋಟಾರು ಬೇಕಿಲ್ಲ. ‘ಗಂಟೆಗೆ ಇಷ್ಟು ಕಿ.ಮೀ.’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದರೆ ಅದು ಈ ಆಟಕ್ಕೆ ಗುಣವೇನಲ್ಲ. ಜಾರಿಸುವುದು ಮೋಟಾರಿನ ಬಲಕ್ಕಿಂತ ಹೆಚ್ಚಾಗಿ ಟೈರಿನ ಗಟ್ಟಿತನ. ಈ ಹವ್ಯಾಸದ ಆರಂಭದ ದಿನಗಳಲ್ಲಿ ಅನೇಕರು ಸಾಮಾನ್ಯ ರಿಮೋಟ್ ಕಾರಿನ ರಬ್ಬರ್ ತೆಗೆದು, ಆ ಚಕ್ರಕ್ಕೆ ಪಿವಿಸಿ ಕೊಳವೆಯ ಬಳೆಯನ್ನು ತೊಡಿಸಿಯೇ ಆಡುತ್ತಿದ್ದರು. ಕೊಳವೆಬಾವಿ ಇರುವ ಮನೆಯಲ್ಲಿ ಅಂಥ ತುಂಡಿಗೇನು ಬರ?

ಮೊದಲು ನೆಲ, ಆಮೇಲೆ ಚಾಸಿ

ಹಾಗಾದರೆ ಆಯ್ಕೆ ಎಲ್ಲಿಂದ ಶುರುವಾಗಬೇಕು? ಕಾಲ ಕೆಳಗಿನ ನೆಲದಿಂದ.

ಶಹಾಬಾದ ಕಲ್ಲಿನದೋ ಗ್ರಾನೈಟಿನದೋ ಹಾಸಿನ ಪಡಸಾಲೆ ಮಾತ್ರ ಇದ್ದರೆ ದೊಡ್ಡ ಕಾರು ತರುವುದು ತಪ್ಪು. ಹತ್ತರಲ್ಲೊಂದು ಅಳತೆಯ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಸಾಮಾನ್ಯವಾಗಿ 257 ಮಿ.ಮೀ. ಅಂತರವಿರುತ್ತದೆ, ಅಗಲ 190ರಿಂದ 200 ಮಿ.ಮೀ. ಇದು ಮನಸಾರೆ ಜಾರಲು ಒಂದು ದೊಡ್ಡ ಕೋಣೆಯಷ್ಟು ಖಾಲಿ ಜಾಗ ಬೇಕು. ಪಡಸಾಲೆಗೆ 24ರಲ್ಲೊಂದು ಅಥವಾ 28ರಲ್ಲೊಂದು ಅಳತೆಯ ಅಂಗೈ ಕಾರು ಸಾಕು. ಅದರಲ್ಲೂ ಬಿಡಿಭಾಗ ಸಿಗುವ ಒಳ್ಳೆಯ ಚಾಸಿಗಳಿವೆ.

ಗಂಗಾವತಿಯ ಕಡೆ ಅಕ್ಕಿ ಗಿರಣಿಯ ಸಿಮೆಂಟ್ ಅಂಗಳ, ಶಾಲೆಯ ಕಾಂಕ್ರೀಟ್ ಆವರಣ ಇಂಥ ಜಾಗ ದೊರೆತರೆ ಹತ್ತರಲ್ಲೊಂದರ ಕಾರು ಸೊಗಸು. ಅನುಮತಿ ಪಡೆದು, ಲಾರಿ ಟ್ರ್ಯಾಕ್ಟರುಗಳು ಓಡಾಡದ ಹೊತ್ತಿನಲ್ಲಿ ಮಾತ್ರ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಒರಟು ಸಿಮೆಂಟು ಪ್ಲಾಸ್ಟಿಕ್ ಟೈರನ್ನು ಬೇಗ ಸವೆಸುತ್ತದೆ. ಕಲ್ಲಿನ ನೆಲ ಸವೆಸುವುದು ನಿಧಾನ. ಒಂದೊಂದು ನೆಲಕ್ಕೆ ಒಂದೊಂದು ಗಡಸಿನ ಟೈರು ತಯಾರಾಗುವುದು ಇದಕ್ಕಾಗಿಯೇ. ಇನ್ನು ಯಲಬುರ್ಗಾ ಕಡೆಯ ಎರೆಮಣ್ಣಿನ ಅಂಗಳದಲ್ಲಿ ಡ್ರಿಫ್ಟ್ ಕಾರು ಓಡದು, ಓಡಿಸಲೂಬಾರದು. ಇದರ ತಳ ನೆಲಕ್ಕೆ ಕೆಲವೇ ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಬರೀ ಮಣ್ಣಿನ ಅಂಗಳವಿರುವ ಮನೆಯ ಹುಡುಗ ಎತ್ತರದ ಚಕ್ರದ ಬಗ್ಗಿ ಕಾರು ಕೇಳುವುದೇ ಸರಿ. ಇಲ್ಲದಿದ್ದರೆ ತಂದ ವಾರಕ್ಕೇ ಅದು ಅಟ್ಟ ಸೇರುತ್ತದೆ.

ನಾಲ್ಕು ಚಕ್ರವೋ ಎರಡು ಚಕ್ರವೋ?

ನೆಲ ನಿಶ್ಚಯವಾದ ಮೇಲೆ ಬರುವುದು ಮುಖ್ಯ ಕವಲು. ಮೋಟಾರಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗಬೇಕೋ, ಹಿಂದಿನ ಎರಡಕ್ಕೆ ಮಾತ್ರವೋ?

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಚಾಸಿಯಲ್ಲಿ ಹಿಂಭಾಗ ಹೊರಕ್ಕೆ ಬೀಸಿದಾಗ ಮುಂದಿನ ಚಕ್ರಗಳು ಕಾರನ್ನು ಮುಂದಕ್ಕೆ ಎಳೆದು ಕಾಪಾಡುತ್ತವೆ. ಹೊಸಬನ ಕೈಗೆ ಇದು ಬೇಗ ಒಗ್ಗುತ್ತದೆ. ಜಪಾನಿನ ತಾಮಿಯಾ ಕಂಪನಿಯ ಟಿಟಿ-02 ಚಾಸಿ, ಅದರ ಡ್ರಿಫ್ಟ್ ರೂಪವಾದ ಟಿಟಿ-02ಡಿ ಈ ಜಾತಿಯವು.

ಹಿಂದಿನ ಎರಡೇ ಚಕ್ರ ತಿರುಗುವ ಚಾಸಿ ನಿಜವಾದ ಡ್ರಿಫ್ಟ್ ಕಾರಿಗೆ ಹತ್ತಿರ. ನೋಡಲೂ ಅದೇ ಚೆಂದ. ಕಾರು ಎಡಕ್ಕೆ ತಿರುಗುವಾಗ ಹಿಂಭಾಗ ಬಲಕ್ಕೆ ಬೀಸುತ್ತದೆ. ಆಗ ಮುಂದಿನ ಚಕ್ರಗಳು ಬಲಕ್ಕೆ ಹೊರಳಿ ಅದನ್ನು ಸಂಭಾಳಿಸಬೇಕು. ಇದಕ್ಕಾಗಿ ಮುಂದಿನ ಚಕ್ರಗಳು ಬಹಳ ಹೆಚ್ಚು ಹೊರಳುವಂತೆ, 60 ಡಿಗ್ರಿ ಮತ್ತು ಅದಕ್ಕೂ ಮೀರಿ, ಚಾಸಿಯನ್ನು ರೂಪಿಸಿರುತ್ತಾರೆ. ಹಿಂದಿನ ಚಕ್ರಕ್ಕೆ ಹಿಡಿತ ಸಿಗಲೆಂದು ಮೋಟಾರನ್ನು ಹಿಂದಕ್ಕೆ ಸರಿಸಿರುತ್ತಾರೆ. ಆದರೂ ಮನುಷ್ಯನ ಬೆರಳು ಆ ಕ್ಷಣಕ್ಕೆ ತಕ್ಕಷ್ಟು ಚುರುಕಾಗಿ ಸಾಗದು. ಅದಕ್ಕೇ ಗೈರೊ ಎಂಬ ಪುಟ್ಟ ಸಾಧನವನ್ನು ಅಳವಡಿಸುತ್ತಾರೆ. ಕಾರು ಸುತ್ತುವ ವೇಗವನ್ನು ಅರಿತು ಅದು ತಾನೇ ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಯೊಕೊಮೊ ಕಂಪನಿಯ ವೈಡಿ-2, ತೈವಾನಿನ ಎಂಎಸ್‌ಟಿ ಕಂಪನಿಯ ಆರ್‌ಎಂಎಕ್ಸ್ ಈ ಜಾತಿಯಲ್ಲಿ ಹೆಸರಾದವು. ಗೈರೊ, ಚುರುಕಾದ ಸರ್ವೊ ಎಲ್ಲ ಸೇರಿದಾಗ ಇದರ ಖರ್ಚೂ ಮೇಲೇರುತ್ತದೆ, ಸರಿಹೊಂದಿಸುವ ತಾಳ್ಮೆಯೂ ಹೆಚ್ಚು ಬೇಕು.

ಎರಡು ಜಾತಿಯಲ್ಲೂ ಇರುವ ಒಂದು ಅಂಶ ರೈತರ ಮಕ್ಕಳಿಗೆ ಬೇಗ ಅರ್ಥವಾದೀತು. ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರಿನ ಒಂದು ಚಕ್ರ ಸುಮ್ಮನೆ ಗಿರಗಿರನೆ ತಿರುಗತೊಡಗಿದಾಗ ಚಾಲಕ ಡಿಫರೆನ್ಷಿಯಲ್ ಲಾಕ್ ತುಳಿಯುತ್ತಾನೆ. ಆಗ ಎರಡೂ ಹಿಂದಿನ ಚಕ್ರಗಳು ಒಂದಾಗಿ ತಿರುಗುತ್ತವೆ. ಡ್ರಿಫ್ಟ್ ಚಾಸಿಯಲ್ಲಿ ಹಿಂದಿನ ಅಚ್ಚನ್ನು ಸಾಮಾನ್ಯವಾಗಿ ಹೀಗೆ ಸದಾಕಾಲ ಲಾಕ್ ಮಾಡಿಯೇ ಇಟ್ಟಿರುತ್ತಾರೆ. ಟ್ರ್ಯಾಕ್ಟರಿನಲ್ಲಿ ಲಾಕ್ ಹಾಕಿ ತಿರುಗಿಸಬಾರದು ಎನ್ನುತ್ತಾರಲ್ಲ, ಏಕೆ? ಹಾಗೆ ತಿರುಗಿಸಿದರೆ ಒಂದು ಚಕ್ರ ಜಾರಲೇಬೇಕು. ಅಲ್ಲಿ ಬೇಡವಾದದ್ದೇ ಇಲ್ಲಿ ಬೇಕಾದದ್ದು!

ಮೊದಲ ಕಾರು ಕೊಳ್ಳುವ ಹುಡುಗನಿಗೆ, ಅದರಲ್ಲೂ ಹತ್ತಿರದಲ್ಲಿ ಕಲಿಸುವವರು ಇಲ್ಲದ ಊರಿನಲ್ಲಿ, ನಾಲ್ಕು ಚಕ್ರದ ಚಾಸಿಯೇ ವಾಸಿ. ಎರಡು ಚಕ್ರದ ಚಾಸಿಗೆ ಮುಂದೆ ಕಾಲವಿದೆ.

ಧೂಳಿನ ಸೀಮೆಗೆ ಮುಚ್ಚಿದ ಗೇರು

ನಾಲ್ಕು ಚಕ್ರದ ಚಾಸಿಗಳಲ್ಲೂ ಎರಡು ಬಗೆ. ಕೆಲವದರಲ್ಲಿ ಮುಂದಿನ ಅಚ್ಚಿಗೆ ಹಲ್ಲಿನ ಬೆಲ್ಟಿನ ಮೂಲಕ ಶಕ್ತಿ ಹೋಗುತ್ತದೆ, ಕೆಲವದರಲ್ಲಿ ಶಾಫ್ಟಿನ ಮೂಲಕ. ಬೆಲ್ಟಿನ ಓಟ ಮೆತ್ತಗೆ, ಸದ್ದು ಕಡಿಮೆ. ಆದರೆ ತೆರೆದ ಬೆಲ್ಟಿಗೆ ಒಂದು ಹರಳು ಸಿಕ್ಕಿದರೆ ಹಲ್ಲು ಕಿತ್ತುಬರುತ್ತದೆ. ಟಿಟಿ-02ದಂಥ ಶಾಫ್ಟಿನ ಚಾಸಿಯಲ್ಲಿ ಗೇರುಗಳು ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತವೆ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿದರೂ ಹಾಸಿಗೆಯ ಮೇಲೆ ಧೂಳು ಕೂರುವ ಸೀಮೆಗೆ ಯಾವುದು ತಕ್ಕದ್ದೆಂದು ವಿವರಿಸಬೇಕಿಲ್ಲ.

ಕಾರ್ಬನ್ ಫೈಬರಿನ ಹಾಳೆ, ಬಣ್ಣದ ಅಲ್ಯುಮಿನಿಯಂ ತೋಳು ಇವುಗಳ ಆಸೆಯನ್ನೂ ಮೊದಲ ಕಾರಿನಲ್ಲಿ ಬಿಡಬೇಕು. ಗೋಡೆಗೆ ಗುದ್ದಿದಾಗ ಪ್ಲಾಸ್ಟಿಕ್ ತೋಳು ಬಾಗಿ ಮತ್ತೆ ನೇರವಾಗುತ್ತದೆ. ಅಲ್ಯುಮಿನಿಯಂ ಬಾಗಿದರೆ ಬಾಗಿದ್ದೇ. ಹೆಚ್ಚಿನ ಹಣವಿದ್ದರೆ ಒಂದೇ ಕಡೆ ಹಾಕಬಹುದು. ಅಗ್ಗದ ಕಿಟ್ಟುಗಳಲ್ಲಿ ಚಕ್ರದ ಅಚ್ಚು ಪ್ಲಾಸ್ಟಿಕ್ ಬುಷ್ ಮೇಲೆ ತಿರುಗುತ್ತಿರುತ್ತದೆ. ಅದನ್ನು ತೆಗೆದು ಗುಂಡಿನ ಬೇರಿಂಗ್ ಹಾಕಿದರೆ ಓಟವೂ ನಯವಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಒಂದೇ ಪ್ರಶ್ನೆಯ ಪರೀಕ್ಷೆ

ಜಾತ್ರೆಯ ಅಂಗಡಿಯ ರಿಮೋಟ್ ಕಾರಿಗೂ ಹವ್ಯಾಸಿಗಳ ಚಾಸಿಗೂ ಇರುವ ನಿಜವಾದ ಅಂತರ ಬೆಲೆಯಲ್ಲ. ಜಾತ್ರೆಯ ಕಾರಿನಲ್ಲಿ ಸಂಕೇತ ಹಿಡಿಯುವುದು, ವೇಗ ಬದಲಿಸುವುದು, ಸ್ಟೇರಿಂಗ್ ತಿರುಗಿಸುವುದು ಎಲ್ಲಕ್ಕೂ ಸಾಮಾನ್ಯವಾಗಿ ಒಂದೇ ಹಲಗೆ. ಎಡ ಎಂದರೆ ಪೂರ್ತಿ ಎಡ, ಬಲ ಎಂದರೆ ಪೂರ್ತಿ ಬಲ, ನಡುವಿನ ಮಾತಿಲ್ಲ. ಆ ಹಲಗೆ ಸುಟ್ಟರೆ ಕಾರು ಕಸಕ್ಕೆ. ಹವ್ಯಾಸಿಗಳ ಚಾಸಿಯಲ್ಲಿ ರಿಸೀವರ್, ಸರ್ವೊ, ವೇಗ ನಿಯಂತ್ರಕ, ಮೋಟಾರು, ಬ್ಯಾಟರಿ ಎಲ್ಲವೂ ಬೇರೆ ಬೇರೆ. ಕೆಟ್ಟದ್ದನ್ನಷ್ಟೇ ಬದಲಿಸಬಹುದು.

ಆದ್ದರಿಂದ ಮಾರುವವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಮುಂದಿನ ಎಡಗಡೆಯ ಸಸ್ಪೆನ್ಷನ್ ತೋಳು ಬಿಡಿಯಾಗಿ ಸಿಗುತ್ತದೆಯೇ? ಎಷ್ಟು ದಿನಕ್ಕೆ ಬರುತ್ತದೆ?’ ಮೊದಲು ಮುರಿಯುವುದು ಹೆಚ್ಚಾಗಿ ಅದೇ. ಇದಕ್ಕೆ ನೆಟ್ಟಗೆ ಉತ್ತರ ಬಾರದಿದ್ದರೆ ಚಾಸಿ ಎಷ್ಟೇ ಸೊಗಸಾಗಿರಲಿ, ಅದನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಹತ್ತು ವರ್ಷದ ಹಿಂದಿನ, ಬಹಳ ಜನ ಬಳಸುವ, ಹೆಸರು ಹಳತಾದ ಚಾಸಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ನಿನ್ನೆ ಮೊನ್ನೆ ಬಂದ ಹೊಳೆಯುವ ಚಾಸಿ ಅನೇಕ ಬಾರಿ ಸೋಲುತ್ತದೆ.

ಈಗ ತಂದೆಯ ಪ್ರಶ್ನೆಗೆ ಬರೋಣ: ಎಷ್ಟು ಬೀಳುತ್ತದೆ? ಕಿಟ್ ಎಂದು ಮಾರುವ ಡಬ್ಬಿಯಲ್ಲಿ ಬಹುತೇಕ ಚಾಸಿಯ ಭಾಗಗಳಷ್ಟೇ ಇರುತ್ತವೆ. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್, ಸರ್ವೊ, ಬ್ಯಾಟರಿ, ಚಾರ್ಜರ್, ಹಲವು ಬಾರಿ ಮೋಟಾರು ಮತ್ತು ಬಾಡಿ ಕೂಡ ಪ್ರತ್ಯೇಕ. ಹತ್ತರಲ್ಲೊಂದು ಅಳತೆಯಲ್ಲಿ ಎಲ್ಲ ಸೇರಿದರೆ ಹತ್ತು ಸಾವಿರದ ಗಡಿ ಸುಲಭವಾಗಿ ದಾಟುತ್ತದೆ. ಆಮದು ಸುಂಕದ ಭಾರವೂ ಇದೆ. ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. ಆದ್ದರಿಂದ ಡಬ್ಬಿಯ ಬೆಲೆಯನ್ನಲ್ಲ, ಪೂರ್ತಿ ಪಟ್ಟಿಯ ಬೆಲೆಯನ್ನು ಹುಡುಗನೇ ಒಂದು ಹಾಳೆಯಲ್ಲಿ ಬರೆದು ತರಲಿ. ಕೊನೆಯ ಸಾಲಿನಲ್ಲಿ ಒಂದು ವರ್ಷದ ಬಿಡಿಭಾಗ, ಟೈರುಗಳ ಖರ್ಚೂ ಇರಲಿ. ಆ ಪಟ್ಟಿ ಮನೆಯ ಶಕ್ತಿ ಮೀರಿದರೆ ಅಂಗೈ ಕಾರಿನಿಂದ ಶುರುಮಾಡುವುದರಲ್ಲಿ ಅವಮಾನವೇನಿಲ್ಲ. ಮೂರ್ನಾಲ್ಕು ಗೆಳೆಯರು ಕೂಡಿ ಒಂದು ಚಾಸಿ ತರುವುದೂ ಒಳ್ಳೆಯ ದಾರಿಯೇ.

ಪಾಲಕರು ಮರೆಯಬಾರದ್ದು

ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಹವ್ಯಾಸಿಗಳ ಅನೇಕ ಕಿಟ್ಟುಗಳ ಡಬ್ಬಿಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರುತ್ತದೆ. ಅದನ್ನು ಓದಿಯೇ ಕೊಳ್ಳಬೇಕು. ತಮ್ಮ ತಂಗಿಯರ ಕೈಗೆ ಅದನ್ನು ಕೊಡಬಾರದು.

ಬ್ಯಾಟರಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನಿಕಲ್ ಮೆಟಲ್ ಹೈಡ್ರೈಡ್ ಎಂಬ ಹಳೆಯ ಬಗೆಯಲ್ಲಿ 1.2 ವೋಲ್ಟಿನ ಆರು ಸೆಲ್ಲು ಸೇರಿ 7.2 ವೋಲ್ಟ್. ಇದು ತೂಕ ಹೆಚ್ಚು, ಆದರೆ ಸಾಧು ಸ್ವಭಾವದ್ದು. ಲಿಥಿಯಂ ಪಾಲಿಮರ್ ಬಗೆಯಲ್ಲಿ 3.7 ವೋಲ್ಟಿನ ಎರಡೇ ಸೆಲ್ಲಿಗೆ 7.4 ವೋಲ್ಟ್ ಸಿಗುತ್ತದೆ. ಹಗುರ, ಆದರೆ ಮುಂಗೋಪಿ. ಪೆಟ್ಟು ಬಿದ್ದರೆ, ಮಿತಿಮೀರಿ ಚಾರ್ಜ್ ಮಾಡಿದರೆ ಉಬ್ಬಿ ಬೆಂಕಿ ಹತ್ತಬಹುದು. ಮೊದಲ ಕಾರಿಗೆ ಹಳೆಯ ಬಗೆಯೇ ಲೇಸು. ಯಾವುದೇ ಆಗಲಿ, ರಾತ್ರಿ ಚಾರ್ಜಿಗೆ ಹಚ್ಚಿ ಮಲಗಬಾರದು, ಹಾಸಿಗೆಯ ಮೇಲೆ ಇಡಬಾರದು, ಏಪ್ರಿಲ್ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡಬಾರದು.

ಆಟದ ಆಚೆಗೆ

ಇಷ್ಟು ಖರ್ಚು, ಇಷ್ಟು ಗೋಜು ಏಕೆ ಎಂದು ಕೇಳುವ ಪಾಲಕರಿದ್ದಾರೆ. ಕಟ್ಟಿ ಸಿದ್ಧವಾದ ಕಾರು ತಂದುಕೊಟ್ಟರೆ ಅವರ ಮಾತು ಬಹುಮಟ್ಟಿಗೆ ನಿಜ. ಆದರೆ ಹುಡುಗ ಹುಡುಗಿಯರು ತಾವೇ ಸ್ಕ್ರೂಡ್ರೈವರ್ ಹಿಡಿದು ಕಿಟ್ ಜೋಡಿಸಿದರೆ ಗೇರಿನ ಹಲ್ಲಿನ ಲೆಕ್ಕ, ಸ್ಪ್ರಿಂಗಿನ ಬಿಗಿ, ತೂಕದ ಹಂಚಿಕೆ, ಘರ್ಷಣೆ ಇವೆಲ್ಲ ಪುಸ್ತಕದಿಂದ ಇಳಿದು ಕೈಗೆ ಬರುತ್ತವೆ. ತಪ್ಪು ಜೋಡಿಸಿದರೆ ಕಾರು ಓಡುವುದಿಲ್ಲ. ಬಿಚ್ಚಿ ಮತ್ತೆ ಜೋಡಿಸಬೇಕು. ಅಲ್ಲಿ ಅಂಕ ಕಳೆಯುವವರು ಯಾರೂ ಇಲ್ಲ.

ಈ ಜಿಲ್ಲೆಯ ಮಕ್ಕಳಿಗೆ ಇದರಲ್ಲಿ ಇನ್ನೂ ಒಂದು ಅರ್ಥವಿದೆ. 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆ ಮಾಡಿದರು. ತಳಕಲ್ಲಿನಲ್ಲಿ, ಗಂಗಾವತಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆಟಿಕೆ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸವೂ ಕೆಲಸವೇ. ಆದರೆ ಅಚ್ಚು ಮಾಡುವವನು, ಗೇರು ಲೆಕ್ಕ ಹಾಕುವವನು, ‘ಈ ತೋಳು ಇಲ್ಲಿ ಮುರಿಯುತ್ತದೆ, ಇಷ್ಟು ದಪ್ಪ ಬೇಕು’ ಎಂದು ಹೇಳಬಲ್ಲವನು ಆಗಬೇಕಾದರೆ ಆಟಿಕೆಯನ್ನು ಬಿಚ್ಚಿ ನೋಡಿದ ಬಾಲ್ಯ ಬೇಕು. ಕಿನ್ನಾಳದ ಮನೆಗಳಲ್ಲಿ ಮಗು ಉಳಿಯ ಸದ್ದು ಕೇಳುತ್ತಲೇ ಬೆಳೆದು ಬೊಂಬೆ ಕಲಿಯಿತಲ್ಲವೇ?

ಚಾಸಿ ಮನೆಗೆ ಬಂದ ಮೇಲೆ ಪಾಲಕರು ಒಂದು ಕರಾರು ಹಾಕಬಹುದು. ಮೊದಲ ವಾರ ಬಾಡಿ ತೊಡಿಸದೆ, ಬರೀ ಚಾಸಿಯನ್ನೇ ಪಡಸಾಲೆಯಲ್ಲಿ ನಿಧಾನವಾಗಿ ಓಡಿಸಲಿ. ಶಾಫ್ಟ್ ಹೇಗೆ ತಿರುಗುತ್ತದೆ, ಸ್ಟೇರಿಂಗ್ ಯಾವಾಗ ಹೊರಳುತ್ತದೆ, ಯಾವ ಸ್ಕ್ರೂ ಸಡಿಲಾಗುತ್ತದೆ ಎಂಬುದೆಲ್ಲ ಆಗ ಕಣ್ಣಿಗೆ ಕಾಣುತ್ತದೆ. ಕುಷ್ಟಗಿಯ ಹೆದ್ದಾರಿಯಲ್ಲಿ ಟವೆಲು ಸುತ್ತಿಕೊಂಡು ಬರೀ ಚಾಸಿ ಓಡಿಸುತ್ತಿದ್ದ ಆ ಡ್ರೈವರಿಗೆ ಲಾರಿಯ ಒಂದೊಂದು ನರವೂ ಗೊತ್ತಿತ್ತು. ಬಣ್ಣಕ್ಕೆ ಅವಸರವಿಲ್ಲ, ಅದು ಮುಂದಿನ ವಾರ ಬರಲಿ.